ಬಡಾವಣೆಯ ಹೋಟೆಲ್‌ನಲ್ಲಿ ಚೆನ್ನಾಗಿ ಊಟ ಮಾಡುವುದು ಹೇಗೆ?

ಊರಿನ ಮಧ್ಯದ ಹೋಟೆಲ್ ನಡೆಯುವ ಲೆಕ್ಕವೇ ಬೇರೆ, ಬಡಾವಣೆಯ ಹೋಟೆಲ್‌ನ ಲೆಕ್ಕವೇ ಬೇರೆ. ಬಸ್ ನಿಲ್ದಾಣದ ಎದುರಿನ ಹೋಟೆಲ್‌ಗೆ ಇವತ್ತು ಬಂದವರು ಮತ್ತೆ ಬರದಿದ್ದರೂ ಏನೂ ಆಗುವುದಿಲ್ಲ. ನಾಳೆಯ ಬಸ್ಸಿಗೆ ಬೇರೆ ಜನ ಬಂದಿಳಿಯುತ್ತಾರೆ. ಬಡಾವಣೆಯಲ್ಲಿ ಆ ಭಾಗ್ಯ ಇಲ್ಲ. ಅಕ್ಕಪಕ್ಕದ ಹತ್ತಾರು ರಸ್ತೆಗಳ ಜನವೇ ಗಿರಾಕಿಗಳು. ಅವರೇ ಮತ್ತೆ ಮತ್ತೆ ಬಂದರೆ ಮಾತ್ರ ಅಂಗಡಿ ನಿಲ್ಲುತ್ತದೆ.

ನಮಗೆ ಇದು ಲಾಭದ ಮಾತು. ಮಾಲೀಕರಿಗೆ ನೀವು ಎರಡನೇ ಸಲ ಬರುವುದು ಮುಖ್ಯ. ಬಾಡಿಗೆ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಹಣ ಅಲಂಕಾರಕ್ಕಿಂತ ಅಡುಗೆಗೆ ಹೋಗುವ ಸಾಧ್ಯತೆಯೂ ಇದೆ. ಆದರೂ ತುಂಬಾ ಜನ ಮನೆ ಹತ್ತಿರದ ಹೋಟೆಲ್ ಬಿಟ್ಟು ಟ್ರಾಫಿಕ್‌ನಲ್ಲಿ ಒಂದು ಗಂಟೆ ಕೂತು ಊಟಕ್ಕೆ ಹೋಗುತ್ತಾರೆ. ಹತ್ತಿರದ್ದು ಚೆನ್ನಾಗಿರಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ. ಕೆಲವು ಚೆನ್ನಾಗಿರುವುದಿಲ್ಲ, ನಿಜ. ಹುಡುಕುವ ಕ್ರಮ ಗೊತ್ತಿದ್ದರೆ ಚೆನ್ನಾಗಿರುವ ಒಂದೆರಡು ಹೋಟೆಲ್ ಸಿಕ್ಕೇ ಸಿಗುತ್ತವೆ.

ಹಂತ 1: ಸ್ಟಾರ್ ನೋಡಿ, ಆದರೆ ನಂಬುವ ಮೊದಲು ಓದಿ

ಮೊಬೈಲ್‌ನಲ್ಲಿ ಮ್ಯಾಪ್ ತೆರೆದು ಹತ್ತಿರದ ಹೋಟೆಲ್‌ಗಳನ್ನು ನೋಡುವುದರಿಂದಲೇ ಶುರು ಮಾಡಿ, ತಪ್ಪೇನಿಲ್ಲ. ಆದರೆ ಆ ಸ್ಟಾರ್‌ಗಳ ಹಿಂದೆ ದುಡ್ಡಿನ ವ್ಯವಹಾರ ಇದೆ ಅನ್ನುವುದು ನೆನಪಿರಲಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳ ಲೆಕ್ಕ ಹಾಕಿದರು. ಗಿರಾಕಿಗಳು ಸ್ಟಾರ್ ಕೊಟ್ಟು ವಿಮರ್ಶೆ ಬರೆಯುವ ಯೆಲ್ಪ್ ಎಂಬ ಜಾಲತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಬಂತು. ದೊಡ್ಡ ಚೈನ್ ಹೋಟೆಲ್‌ಗಳಿಗೆ ಇದರಿಂದ ವ್ಯತ್ಯಾಸ ಆಗಲಿಲ್ಲ. ಏರಿದ್ದು ಸ್ವಂತವಾಗಿ ನಡೆಸುವ ಹೋಟೆಲ್‌ಗಳ ಆದಾಯ. ಬಡಾವಣೆಯಲ್ಲಿ ಹೆಚ್ಚಾಗಿ ಇರುವುದು ಅಂಥವೇ ಅಲ್ವಾ?

ಲಾಭ ಇರುವ ಕಡೆ ಕಳ್ಳದಾರಿಯೂ ಇರುತ್ತದೆ. ಅದೇ ಲೂಕಾ ಮತ್ತು ಜಾರ್ಜೋಸ್ ಜರ್ವಾಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಸ್ಟನ್ ಹೋಟೆಲ್‌ಗಳ ಬಗ್ಗೆ ಬಂದ ವಿಮರ್ಶೆಗಳಲ್ಲಿ ಸುಮಾರು ಶೇ 16ರಷ್ಟನ್ನು ಯೆಲ್ಪ್ ಅನುಮಾನಾಸ್ಪದ ಎಂದು ಬದಿಗಿಟ್ಟಿತ್ತು. ಹೆಸರು ಇನ್ನೂ ಗಟ್ಟಿಯಾಗದ ಹೋಟೆಲ್‌ಗಳು, ಇತ್ತೀಚೆಗೆ ಕೆಟ್ಟ ಮಾತು ಕೇಳಿದ ಹೋಟೆಲ್‌ಗಳು ಸುಳ್ಳು ವಿಮರ್ಶೆ ಬರೆಸುವ ಕೆಲಸಕ್ಕೆ ಇಳಿಯುವುದು ಜಾಸ್ತಿ ಅಂತಲೂ ಅವರು ಬರೆದರು.

ಹಾಗಾದರೆ ಓದುವುದು ಹೇಗೆ? ಮೊದಲು ಎಷ್ಟು ಜನ ಬರೆದಿದ್ದಾರೆ ನೋಡಿ. ಹತ್ತು ಹನ್ನೆರಡು ಜನ ಸೇರಿ ಕೊಟ್ಟ 4.9 ಸ್ಟಾರ್‌ಗಿಂತ ಆರುನೂರು ಜನ ಕೊಟ್ಟ 4.2 ನನಗೆ ಹೆಚ್ಚು ನಂಬಿಕೆಯದು. ಹತ್ತು ಜನ ಅಂದರೆ ಮಾಲೀಕರ ನೆಂಟರೇ ಸಾಕಾಗುತ್ತಾರೆ. ಆಮೇಲೆ ಹೊಸದರಿಂದ ಹಳೆಯದಕ್ಕೆ ಓದುತ್ತಾ ಹೋಗಿ. ಎರಡು ವರ್ಷದ ಹಿಂದಿನ ಹೊಗಳಿಕೆ ಆಗಿನ ಅಡುಗೆಯವರಿಗೆ ಸೇರಿದ್ದು, ಈಗಿನವರಿಗೆ ಅಲ್ಲ. ಐದು ಸ್ಟಾರ್ ಮತ್ತು ಒಂದು ಸ್ಟಾರ್ ಕೊಟ್ಟವರನ್ನು ಸದ್ಯಕ್ಕೆ ಬಿಡಿ, ಮೂರು ಸ್ಟಾರ್ ಕೊಟ್ಟವರನ್ನು ಓದಿ. ಅವರು ಸಿಟ್ಟಲ್ಲೂ ಇರುವುದಿಲ್ಲ, ಖುಷಿಯಲ್ಲೂ ತೇಲುತ್ತಿರುವುದಿಲ್ಲ. 'ಊಟ ಚೆನ್ನಾಗಿತ್ತು, ಬರೋದಕ್ಕೆ ನಲವತ್ತು ನಿಮಿಷ ಆಯ್ತು' ಎನ್ನುವಂಥ ಉಪಯೋಗದ ಮಾತು ಸಿಗುವುದು ಅಲ್ಲೇ. 'ಸೂಪರ್', 'ಅದ್ಭುತ ಅನುಭವ' ಎಂದು ಬರೆದು ಒಂದು ಪದಾರ್ಥದ ಹೆಸರನ್ನೂ ಹೇಳದಿದ್ದರೆ ಮುಂದೆ ಸಾಗಿ.

ಸಾಧ್ಯವಾದರೆ ಇನ್ನೂ ಒಂದು ಕೆಲಸ ಮಾಡಿ. ಅದೇ ರಸ್ತೆಯಲ್ಲಿ ಕೆಲಸ ಮಾಡುವವರನ್ನು ಕೇಳಿ. ಮೆಡಿಕಲ್ ಶಾಪ್‌ನವರು, ಕಟಿಂಗ್ ಶಾಪ್‌ನವರು, ಸೆಕ್ಯೂರಿಟಿಯವರು ದಿನಾ ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾರೆ? ತಮ್ಮ ದುಡ್ಡಿನಲ್ಲಿ ದಿನಾ ತಿನ್ನುವವರ ಮಾತಿಗೆ ತೂಕ ಜಾಸ್ತಿ.

ಹಂತ 2: ಒಳಗೆ ಹೋಗುವ ಮೊದಲು ಒಮ್ಮೆ ಹೊರಗಿನಿಂದ ನೋಡಿ

ಸಂಜೆ ವಾಕಿಂಗ್ ಹೋಗುವಾಗ ಆ ಕಡೆಯಿಂದ ಹಾದು ಬಂದರೆ ಸಾಕು.

ಮೂಗಿಗೆ ಕೆಲಸ ಕೊಡಿ. ಅಡುಗೆಯ ಘಮ ಬಂದರೆ ಸರಿ. ಪದೇ ಪದೇ ಕಾಯಿಸಿದ ಎಣ್ಣೆಯ ಕಮಟು ವಾಸನೆ ರಸ್ತೆಗೇ ಬಡಿಯುತ್ತಿದ್ದರೆ ಕರಿದ ತಿಂಡಿ ಅಲ್ಲಿ ಬೇಡ. ಒಳಗೆ ಕೂತವರನ್ನೂ ಗಮನಿಸಿ. ವಯಸ್ಸಾದವರು, ಮಕ್ಕಳನ್ನು ಕರೆತಂದವರು, ಒಬ್ಬರೇ ಕೂತು ಆರಾಮಾಗಿ ಊಟ ಮಾಡುತ್ತಿರುವವರು ಇದ್ದರೆ ಒಳ್ಳೆಯ ಲಕ್ಷಣ. ಒಬ್ಬರೇ ಹೋಟೆಲ್‌ಗೆ ಬರುವವರು ಜಾಗದ ಅಂದಕ್ಕೆ ಬರುವುದು ಕಡಿಮೆ, ಊಟಕ್ಕೇ ಬರುತ್ತಾರೆ.

ಮೆನು ಎಷ್ಟು ಉದ್ದ ಇದೆ ಎಂದು ನೋಡಿ. ಸಣ್ಣ ಅಡುಗೆಮನೆ, ಇಬ್ಬರು ಮೂವರು ಅಡುಗೆಯವರು, ಮೆನುವಿನಲ್ಲಿ ಮಾತ್ರ ನಾಲ್ಕು ದೇಶಗಳ ಇನ್ನೂರು ಐಟಂ. ಅಷ್ಟನ್ನೂ ದಿನಾ ಹೊಸದಾಗಿ ತಯಾರು ಮಾಡುವುದು ಆಗದ ಮಾತು. ಒಂದಷ್ಟು ಫ್ರೀಜರ್‌ನಿಂದ ಬರುತ್ತವೆ, ಒಂದಷ್ಟು ಪ್ಯಾಕೆಟ್‌ನಿಂದ. ಮೂರು ಬೇಸ್ ಗ್ರೇವಿ ಇಟ್ಟುಕೊಂಡು ಮೂವತ್ತು ಹೆಸರು ಬರೆದಿರುವುದೂ ಉಂಟು. ಚಿಕ್ಕ ಮೆನುವಿನ ಹೋಟೆಲ್‌ನಲ್ಲಿ ಒಂದೊಂದು ಪದಾರ್ಥವೂ ದಿನಕ್ಕೆ ಹಲವು ಸಲ ಮಾಡಿ ಕೈ ಪಳಗಿರುತ್ತದೆ.

ಕೆಲವು ಊರುಗಳಲ್ಲಿ ಶುಚಿತ್ವದ ಗ್ರೇಡ್ ಬಾಗಿಲಲ್ಲೇ ಅಂಟಿಸಿರುತ್ತಾರೆ. ನ್ಯೂಯಾರ್ಕ್‌ನಲ್ಲಿ 2010ರಿಂದ ಎ, ಬಿ, ಸಿ ಎಂದು ಅಕ್ಷರ ಕೊಡುತ್ತಾರೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 0ಯಿಂದ 5ರವರೆಗೆ ಅಂಕ. ನೀವಿರುವ ಕಡೆ ಅಂಥದ್ದಿದ್ದರೆ ಓದಿ, ತಪಾಸಣೆಯ ತಾರೀಖನ್ನೂ ನೋಡಿ. ಆ ಅಂಕ ಹೇಳುವುದು ಅಧಿಕಾರಿ ಬಂದ ದಿನದ ಶುಚಿತ್ವವನ್ನು. ರುಚಿಗೂ ಅದಕ್ಕೂ ಸಂಬಂಧ ಇಲ್ಲ.

ಕುರ್ಚಿ ಹಳೆಯದು, ಗೋಡೆಯ ಬಣ್ಣ ಮಂಕು ಅನ್ನುವುದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಹಳೆಯದು ಬೇರೆ, ಕೊಳಕು ಬೇರೆ. ಟೇಬಲ್ ಒರೆಸುವ ಬಟ್ಟೆ ಹೇಗಿದೆ? ನೀರಿನ ಲೋಟದ ಅಂಚು ಹೇಗಿದೆ? ಟಾಯ್ಲೆಟ್‌ನಲ್ಲಿ ಸೋಪು ಇದೆಯಾ? ಮುಖ್ಯ ಇವು. ಅಡುಗೆಯವರೂ ಅದೇ ಟಾಯ್ಲೆಟ್‌ಗೆ ಹೋಗಿ ಬರುವ ಚಿಕ್ಕ ಹೋಟೆಲ್ ಆದರಂತೂ ಸೋಪು ಇರಲೇಬೇಕು.

ಹಂತ 3: ಸಮಯ ನೋಡಿ ಹೋಗಿ

ಮೊದಲ ಸಲ ಭಾನುವಾರ ರಾತ್ರಿ ಎಂಟಕ್ಕೆ ಹೋಗಬೇಡಿ. ಬಡಾವಣೆಯ ಹೋಟೆಲ್‌ಗೆ ವಾರದ ದಿನಗಳಲ್ಲಿ ಜನ ಕಡಿಮೆ. ಶನಿವಾರ ಭಾನುವಾರ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಅದೇ ಹೊತ್ತಿಗೆ ಆನ್‌ಲೈನ್ ಆರ್ಡರ್‌ಗಳೂ ಸಾಲುಗಟ್ಟುತ್ತವೆ. ಒಳಗೆ ಅರ್ಧ ಟೇಬಲ್ ಖಾಲಿ ಕಂಡರೂ ಅಡುಗೆಮನೆ ಉಸಿರಾಡಲೂ ಆಗದಷ್ಟು ತುಂಬಿರುತ್ತದೆ. ಬಾಗಿಲಲ್ಲಿ ಡೆಲಿವರಿ ಹುಡುಗರು ಗುಂಪಾಗಿ ನಿಂತಿದ್ದರೆ ನಿಮ್ಮ ಊಟ ತಡ ಎಂದೇ ಲೆಕ್ಕ.

ಹಾಗಂತ ಪೂರ್ತಿ ಖಾಲಿ ಹೊತ್ತೂ ಒಳ್ಳೆಯದಲ್ಲ. ಮಧ್ಯಾಹ್ನ ಮಾಡಿದ್ದು ಸಂಜೆವರೆಗೆ ಪಾತ್ರೆಯಲ್ಲಿ ಕೂತಿರಬಹುದು. ಕೆಡುವುದು ಹೇಗೆ ಅಂತ ಗೊತ್ತಿರಲಿ: 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಸಿ ಪದಾರ್ಥ ಹೊಗೆಯಾಡುವಷ್ಟು ಬಿಸಿ ಇರಬೇಕು, ತಣ್ಣನೆಯದು ನಿಜಕ್ಕೂ ತಣ್ಣಗಿರಬೇಕು. ಬಫೆಯಲ್ಲಂತೂ ಇದನ್ನೇ ಮೊದಲು ನೋಡಿ. ಪಾತ್ರೆಯ ಕೆಳಗಿನ ಉರಿ ಆರಿ, ಪಲ್ಯ ಉಗುರು ಬೆಚ್ಚಗಿದ್ದರೆ ಅದನ್ನು ಬಿಟ್ಟು ಮುಂದಿನ ಪಾತ್ರೆಗೆ ಹೋಗಿ.

ಹಾಗಾಗಿ ವಾರದ ಮಧ್ಯದ ಒಂದು ದಿನ, ಊಟದ ಹೊತ್ತು ಶುರುವಾಗಿ ಅರ್ಧ ಗಂಟೆಯ ಹೊತ್ತಿಗೆ ಹೋಗುವುದು ಅತ್ಯುತ್ತಮ. ಅಡುಗೆ ಆಗ ತಾನೇ ಇಳಿದಿರುತ್ತದೆ. ಸಪ್ಲೈಯರ್‌ಗೆ ನಿಮ್ಮ ಜೊತೆ ಎರಡು ಮಾತಾಡಲೂ ಪುರುಸೊತ್ತು ಇರುತ್ತದೆ. ಮುಚ್ಚುವ ಹೊತ್ತಿಗೆ ಹೋಗುವವರಿಗೆ ಒಂದು ಮಾತು. ಬೋರ್ಡ್ ಮೇಲೆ ಬರೆದಿರುವುದು ಬಾಗಿಲು ಹಾಕುವ ಸಮಯ. ಒಲೆ ಆರುವುದು ಅದಕ್ಕಿಂತ ಮೊದಲೇ.

ಹೊಸದಾಗಿ ತೆರೆದ ಹೋಟೆಲ್‌ಗೆ ಒಂದು ತಿಂಗಳು ಬಿಟ್ಟು ಹೋಗಿ. ಮೊದಲ ವಾರದ ಗೊಂದಲ ನೋಡಿ ತೀರ್ಪು ಕೊಟ್ಟರೆ ಅವರಿಗೂ ಅನ್ಯಾಯ, ನಿಮಗೂ ನಷ್ಟ.

ಹಂತ 4: ಹೊರಡುವ ಮೊದಲು ಒಂದು ಫೋನ್

ಇಬ್ಬರೇ ಹೋಗುವುದಾದರೆ ಬೇಕಿಲ್ಲ. ಆರು ಜನಕ್ಕಿಂತ ಜಾಸ್ತಿ ಇದ್ದರೆ, ಮೆಟ್ಟಿಲು ಹತ್ತಲಾಗದವರು ಜೊತೆಗಿದ್ದರೆ, ಪುಟ್ಟ ಮಗು ಇದ್ದರೆ ಮಾಡಿಬಿಡಿ. ಟೇಬಲ್ ಸಿಗುತ್ತಾ, ನೆಲಮಹಡಿಯಲ್ಲಿ ಕೂರಬಹುದಾ, ಗಾಡಿ ಎಲ್ಲಿ ನಿಲ್ಲಿಸಬೇಕು, ಕೊನೆಯ ಆರ್ಡರ್ ಎಷ್ಟು ಗಂಟೆಗೆ. ಈ ನಾಲ್ಕು ಪ್ರಶ್ನೆ ಸಾಕು. ಫೋನ್ ಎತ್ತಿದವರು ಹೇಗೆ ಮಾತಾಡಿದರು ಅನ್ನುವುದೂ ಒಂದು ಸುಳಿವು.

ಹಂತ 5: ಸರಿಯಾದ ಪ್ರಶ್ನೆ ಕೇಳಿ ಆರ್ಡರ್ ಮಾಡಿ

'ಇಲ್ಲಿ ಏನು ಚೆನ್ನಾಗಿದೆ?' ಎಂದು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು. 'ಎಲ್ಲಾ ಚೆನ್ನಾಗಿದೆ ಸಾರ್.' ಪಾಪ, ಅವರು ಇನ್ನೇನು ಹೇಳಬೇಕು? ತಮ್ಮ ಹೋಟೆಲ್‌ನಲ್ಲಿ ಇಂಥದ್ದು ಚೆನ್ನಾಗಿಲ್ಲ ಎಂದು ಹೇಳಿದರೆ ಕೆಲಸ ಉಳಿಯುತ್ತದಾ? ಪ್ರಶ್ನೆಯನ್ನೇ ಬದಲಿಸಿ.

'ಇಲ್ಲಿ ಜಾಸ್ತಿ ಹೋಗೋದು ಯಾವುದು?' ಇದಕ್ಕೆ ನೇರವಾದ ಉತ್ತರ ಬರುತ್ತದೆ. ಜಾಸ್ತಿ ಹೋಗುವುದನ್ನು ಪದೇ ಪದೇ ಮಾಡುತ್ತಿರುತ್ತಾರೆ, ಸಾಮಾನೂ ಹೊಸದಾಗಿರುತ್ತದೆ. 'ಈಗ ಬಿಸಿಯಾಗಿ ಮಾಡಿಕೊಡುವಂಥದ್ದು ಯಾವುದು?' ಇದೂ ಒಳ್ಳೆಯದು. ಎರಡು ಪದಾರ್ಥದ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ 'ಇದಾ, ಅದಾ? ನೀವಾಗಿದ್ದರೆ ಯಾವುದು ತಗೋತಿದ್ರಿ?' ಎಂದು ಕೇಳಿ. ಆಯ್ಕೆ ಎರಡೇ ಇದ್ದಾಗ ಜನ ಮನಸ್ಸು ಬಿಚ್ಚಿ ಹೇಳುತ್ತಾರೆ. ಮತ್ತೆ, ಅವರು ಹೇಳಿದ್ದನ್ನೇ ತೆಗೆದುಕೊಳ್ಳಿ. ಕೇಳಿ ಕೇಳಿ ಕೊನೆಗೆ ಇನ್ನೇನೋ ಆರ್ಡರ್ ಮಾಡುವವರಿಗೆ ಮುಂದಿನ ಸಲ ಒಳ್ಳೆಯ ಸಲಹೆ ಸಿಗುವುದಿಲ್ಲ.

ಮೊದಲ ಸಲ ಹೋದಾಗ ಅತಿ ಸರಳವಾದ ಒಂದು ಪದಾರ್ಥ ಇರಲಿ. ಮಸಾಲೆ, ಬೆಣ್ಣೆ, ಕೆನೆ ತುಂಬಿದ್ದರಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಬರೀ ಅನ್ನ, ತಿಳಿಯಾದ ಸೂಪ್, ಬೇಯಿಸಿದ ತರಕಾರಿ ಇವುಗಳಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಅನ್ನ ಮುದ್ದೆಯಾಗಿದ್ದರೆ, ತರಕಾರಿ ಅತಿಯಾಗಿ ಬೆಂದಿದ್ದರೆ ಅಡುಗೆಮನೆಯಲ್ಲಿ ಗಮನ ಇಲ್ಲ ಎಂದು ಅರ್ಥ. ಅಂಥ ಕಡೆ ದುಬಾರಿ ಐಟಂ ಆರ್ಡರ್ ಮಾಡಿದರೂ ಗತಿ ಅದೇ.

ಎಲ್ಲವನ್ನೂ ಒಂದೇ ಸಲ ಹೇಳಬೇಡಿ. ಮೊದಲು ಅರ್ಧ ಹೇಳಿ, ಪ್ರಮಾಣ ನೋಡಿ ಆಮೇಲೆ ಉಳಿದದ್ದು. ಒಂದು ಪ್ಲೇಟ್ ಎಷ್ಟು ಜನಕ್ಕೆ ಸಾಕಾಗುತ್ತದೆ ಎಂದು ಮೆನುವಿನಲ್ಲಿ ಬರೆದಿರುವುದಿಲ್ಲ. ಹಸಿದ ಹೊಟ್ಟೆ ಯಾವಾಗಲೂ ಜಾಸ್ತಿಯೇ ಕೇಳುತ್ತದೆ.

ಖಾರದ ವಿಷಯದಲ್ಲಿ 'ಮೀಡಿಯಂ' ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಅವರ ಮೀಡಿಯಂ ಬೇರೆ, ನಿಮ್ಮದು ಬೇರೆ. 'ಮಗು ತಿನ್ನುತ್ತೆ, ಖಾರ ಹಾಕಲೇಬೇಡಿ' ಎಂದೋ, 'ಖಾರ ಪಕ್ಕದಲ್ಲಿ ಬೇರೆ ಕೊಡಿ' ಎಂದೋ ಬಿಡಿಸಿ ಹೇಳಿ.

ಅಲರ್ಜಿ ಇದ್ದವರು ಇಲ್ಲಿ ನಿಲ್ಲಿ

ಇದನ್ನು ಬೇರೆಯಾಗಿಯೇ ಹೇಳಬೇಕು. ಐರೋಪ್ಯ ಒಕ್ಕೂಟದಲ್ಲಿ ಕಡಲೆಕಾಯಿ, ಹಾಲು, ಮೊಟ್ಟೆ, ಎಳ್ಳು, ಸಾಸಿವೆ, ಗೋಧಿಯಂಥ ಧಾನ್ಯ ಸೇರಿ 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡಲೇಬೇಕು. 2014ರ ಡಿಸೆಂಬರ್‌ನಿಂದ ಹೋಟೆಲ್‌ಗಳಿಗೂ ಈ ನಿಯಮ ಇದೆ. ಎಲ್ಲ ಕಡೆ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಚಿಕ್ಕ ಹೋಟೆಲ್‌ನಲ್ಲಿ ಬರೆದಿಟ್ಟ ಪಟ್ಟಿ ಇಲ್ಲದಿರುವುದೇ ಹೆಚ್ಚು.

'ಇದರಲ್ಲಿ ಕಡಲೆಕಾಯಿ ಇದೆಯಾ?' ಎಂದು ಕೇಳಿದರೆ ಅರ್ಧ ಮಾತ್ರ ಕೇಳಿದಂತೆ. 'ನನಗೆ ಕಡಲೆಕಾಯಿ ಅಲರ್ಜಿ, ತಿಂದರೆ ಆಸ್ಪತ್ರೆಗೆ ಹೋಗಬೇಕಾಗುತ್ತೆ. ಅಡುಗೆಯವರನ್ನು ಕೇಳಿ ಹೇಳ್ತೀರಾ?' ಎಂದು ಪೂರ್ತಿ ಹೇಳಿ. ಇಷ್ಟ ಇಲ್ಲ ಅನ್ನುವುದಕ್ಕೂ ಅಲರ್ಜಿ ಅನ್ನುವುದಕ್ಕೂ ಅವರು ಕೊಡುವ ಗಮನ ಬೇರೆ. ಯಾವ ಎಣ್ಣೆ ಬಳಸುತ್ತಾರೆ, ಅದೇ ಬಾಣಲೆಯಲ್ಲಿ ಬೇರೆ ಏನು ಕರಿಯುತ್ತಾರೆ, ಗ್ರೇವಿ ಗಟ್ಟಿಯಾಗಲು ಏನು ರುಬ್ಬಿ ಹಾಕುತ್ತಾರೆ ಎಂದೂ ಕೇಳಿ. ಅಲರ್ಜಿ ಪದಾರ್ಥ ಕಣ್ಣಿಗೆ ಕಾಣದಂತೆ ಸೇರುವುದು ಹೆಚ್ಚಾಗಿ ಈ ದಾರಿಗಳಲ್ಲಿ. ಉತ್ತರ ಅನುಮಾನದಲ್ಲಿದ್ದರೆ ತಿನ್ನಬೇಡಿ. ಅಲ್ಲಿ ಮುಲಾಜು ಬೇಡ. ಡಾಕ್ಟರ್ ಬರೆದುಕೊಟ್ಟ ತುರ್ತು ಔಷಧ ಇದ್ದರೆ ಕಾರಿನಲ್ಲಿ ಬಿಡದೆ ಜೊತೆಗೇ ಇಟ್ಟುಕೊಳ್ಳಿ.

ಹಂತ 6: ಕೂರುವ ಜಾಗ ಆರಿಸಿ

ಊಟಕ್ಕಿಂತ ಮಾತು ಮುಖ್ಯವಾದ ದಿನಗಳೂ ಇರುತ್ತವೆ. ಗದ್ದಲ ಇದ್ದರೆ ನಾವು ಗೊತ್ತಿಲ್ಲದೇ ದನಿ ಏರಿಸುತ್ತೇವೆ. ನಮ್ಮ ದನಿ ಕೇಳಿ ಪಕ್ಕದ ಟೇಬಲ್‌ನವರೂ ಏರಿಸುತ್ತಾರೆ. ಫ್ರಾನ್ಸ್‌ನ ಡಾಕ್ಟರ್ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದರು, ಇವತ್ತಿಗೂ ಇದಕ್ಕೆ ಅವರದೇ ಹೆಸರಿದೆ. ಬರೀ ಟೈಲ್ಸ್, ಗಾಜು, ಕಾಂಕ್ರೀಟ್ ಇರುವ ಹೋಟೆಲ್‌ನಲ್ಲಿ ಶಬ್ದ ಗೋಡೆಗೆ ಬಡಿದು ವಾಪಸ್ ಬರುವುದರಿಂದ ಕಷ್ಟ ಜಾಸ್ತಿ. ಅಡುಗೆಮನೆಯ ಬಾಗಿಲು, ಕೈತೊಳೆಯುವ ಜಾಗ, ಸ್ಪೀಕರ್ ಈ ಮೂರರಿಂದ ದೂರ ಇರುವ ಮೂಲೆ ಹಿಡಿಯಿರಿ. ಕಿವಿ ಮಂದವಾದ ಹಿರಿಯರು ಜೊತೆಗಿದ್ದರೆ ಅವರನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ. ಹಿಂದಿನ ಗದ್ದಲ ಅವರಿಗೆ ಕಡಿಮೆಯಾಗುತ್ತದೆ, ಮಾತಾಡುವವರ ಮುಖವೂ ಕಾಣುತ್ತದೆ.

ಹಂತ 7: ಏನಾದರೂ ತಪ್ಪಾದರೆ ಅಲ್ಲೇ ಹೇಳಿ

ಉಪ್ಪು ಜಾಸ್ತಿ, ಆರಿಹೋಗಿದೆ, ಬೇರೆಯದೇ ಬಂದಿದೆ. ಎರಡು ತುತ್ತು ತಿಂದ ಕೂಡಲೇ ಹೇಳಿ. ಮುಕ್ಕಾಲು ತಿಂದು ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮೆಲುದನಿಯಲ್ಲಿ, ಸಪ್ಲೈಯರ್‌ಗೇ ಹೇಳಿ. ಏನಾಗಬೇಕು ಎಂದೂ ಹೇಳಿ: ಬದಲಿಸಬೇಕಾ, ಬಿಸಿ ಮಾಡಬೇಕಾ, ಬಿಲ್‌ನಿಂದ ತೆಗೆಯಬೇಕಾ. ಅಲ್ಲಿ 'ಪರವಾಗಿಲ್ಲ' ಎಂದು ನಕ್ಕು, ಮನೆಗೆ ಬಂದು ಒಂದು ಸ್ಟಾರ್ ಒತ್ತುವ ಅಭ್ಯಾಸ ನನಗಂತೂ ಇಷ್ಟ ಇಲ್ಲ. ಸರಿಪಡಿಸುವ ಅವಕಾಶವನ್ನೇ ಅವರಿಗೆ ಕೊಟ್ಟಿಲ್ಲ ತಾನೇ?

ತಪ್ಪು ಎಲ್ಲ ಹೋಟೆಲ್‌ನಲ್ಲೂ ಆಗುತ್ತದೆ. ಹೇಳಿದ ಮೇಲೆ ಅವರು ಏನು ಮಾಡುತ್ತಾರೆ ಅನ್ನುವುದರಿಂದ ಮತ್ತೆ ಹೋಗಬೇಕಾ ಬೇಡವಾ ತೀರ್ಮಾನಿಸಿ. ಆದರೆ ಹಳಸಿದ ವಾಸನೆ, ಒಳಗೆ ಬೇಯದ ಮಾಂಸ, ಹುಳ ಇವಕ್ಕೆ ರಿಯಾಯಿತಿ ಇಲ್ಲ. ತಟ್ಟೆ ವಾಪಸ್ ಕೊಡಿ, ಫೋಟೊ ಇಟ್ಟುಕೊಳ್ಳಿ, ಎದ್ದು ಬನ್ನಿ.

ಹಂತ 8: ಬಿಲ್ ಓದಿ

ಐಟಂ ಎಷ್ಟು, ತೆರಿಗೆ ಎಷ್ಟು, ಸರ್ವಿಸ್ ಚಾರ್ಜ್ ಅಂತ ಬೇರೆ ಸಾಲು ಇದೆಯಾ. ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದರ ಮೇಲೆ ಟಿಪ್ಸ್ ಕೊಡುವ ಅಗತ್ಯ ಇಲ್ಲ. ಟಿಪ್ಸ್ ಕೊಡುವುದಾದರೆ ಅದು ಬಡಿಸಿದವರಿಗೇ ಸೇರುತ್ತದಾ ಎಂದು ಒಮ್ಮೆ ಕೇಳಿ.

ಹಂತ 9: ಎರಡನೇ ಸಲ ಹೋಗಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇಷ್ಟವಾದರೆ ಎರಡು ಮೂರು ವಾರದೊಳಗೆ ಮತ್ತೆ ಹೋಗಿ. ಅಷ್ಟರೊಳಗೆ ನಿಮ್ಮ ಮುಖ ಅವರಿಗೆ ಮರೆತಿರುವುದಿಲ್ಲ. ಚೆನ್ನಾಗಿದ್ದದ್ದರ ಹೆಸರು ಹಿಡಿದು ಹೇಳಿ: 'ಹೋದ ಸಲ ಸೂಪ್ ಚೆನ್ನಾಗಿತ್ತು, ಅದಕ್ಕೇ ಮತ್ತೆ ಬಂದ್ವಿ.' ಈ ಮಾತು ಗಲ್ಲಾದಿಂದ ಅಡುಗೆಮನೆಯವರೆಗೆ ಹೋಗುತ್ತದೆ. ನಾಲ್ಕೈದು ಸಲ ಆದ ಮೇಲೆ 'ಇವತ್ತು ಅದು ಬೇಡ ಸಾರ್, ಇದು ತಗೊಳ್ಳಿ' ಎಂದು ಅವರೇ ಹೇಳುತ್ತಾರೆ. ಮೊದಲ ದಿನ 'ಎಲ್ಲಾ ಚೆನ್ನಾಗಿದೆ' ಎಂದವರೇ ಇವರು!

ಮನೆಗೆ ತರಿಸುವ ದಿನ ಆಪ್ ಬಿಟ್ಟು ನೇರವಾಗಿ ಹೋಟೆಲ್‌ಗೆ ಫೋನ್ ಮಾಡಿ, ನೀವೇ ಹೋಗಿ ಪಾರ್ಸೆಲ್ ತನ್ನಿ. ಡೆಲಿವರಿ ಕಂಪನಿಗಳ ಕಮಿಷನ್ ಹಲವು ಕಡೆ ಶೇ 15ರಿಂದ 30ರವರೆಗೂ ಇರುತ್ತದೆ. ಚಿಕ್ಕ ಹೋಟೆಲ್‌ನ ಲಾಭವೆಲ್ಲ ಅದರಲ್ಲೇ ಕರಗುತ್ತದೆ. ಆಪ್‌ನಲ್ಲಿ ಬೆಲೆ ಏರಿಸಿರುವ ಹೋಟೆಲ್ ಆದರೆ ನಿಮಗೂ ಉಳಿತಾಯ. ನಡೆದು ಹೋಗುವಷ್ಟು ಹತ್ತಿರ ಇದ್ದೂ ಆಪ್‌ನಲ್ಲಿ ಆರ್ಡರ್ ಮಾಡುವುದು ಸುಮ್ನೆ ದುಡ್ಡು ದಂಡ.

ವಿಮರ್ಶೆ ಬರೆಯುವುದಾದರೆ ಎರಡು ಸಲ ಹೋದ ಮೇಲೆ ಬರೆಯಿರಿ. ಯಾವ ದಿನ, ಯಾವ ಹೊತ್ತು, ಏನು ತಿಂದಿರಿ, ಎಷ್ಟು ಕಾಯಬೇಕಾಯ್ತು. ನಾಲ್ಕು ಸಾಲು ಸಾಕು.

ಹಂತ 10: ಉಳಿದದ್ದನ್ನು ಕಟ್ಟಿಸಿಕೊಂಡು ಬನ್ನಿ, ಆದರೆ ಗಡಿಯಾರ ನೋಡಿ

ಉಳಿದದ್ದನ್ನು ಕೇಳಲು ನಾಚಿಕೆ ಏಕೆ? ದುಡ್ಡು ಕೊಟ್ಟಿದ್ದೀರಿ. ಮನೆಯಿಂದಲೇ ಡಬ್ಬಿ ತಂದರೆ ಇನ್ನೂ ಒಳ್ಳೆಯದು. ಬಡಿಸಿದ ಹೊತ್ತಿನಿಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. 32 ಡಿಗ್ರಿಗಿಂತ ಜಾಸ್ತಿ ಸೆಕೆ ಇದ್ದರೆ ಒಂದೇ ಗಂಟೆ. ಊಟ ಮುಗಿಸಿ ಸಿನಿಮಾಕ್ಕೆ ಹೋಗುವವರು ಕಟ್ಟಿಸಿಕೊಳ್ಳದಿರುವುದೇ ವಾಸಿ. ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ ಇಡಬಹುದು. ತಿನ್ನುವಾಗ ಎಷ್ಟು ಬೇಕೋ ಅಷ್ಟನ್ನೇ ತೆಗೆದು, ಒಳಗೂ ಕುದಿಯುವಂತೆ ಬಿಸಿ ಮಾಡಿ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಹಾಗೇ ಕೂತರೆ ಅವು ಮೊಳೆತು ವಿಷ ತಯಾರು ಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಎಷ್ಟು ಹೊತ್ತು ಹೊರಗಿತ್ತು ಎಂದು ಗೊತ್ತಿಲ್ಲದಿದ್ದರೆ ಎಸೆದುಬಿಡಿ.

ರುಚಿ ಕೆಟ್ಟರೆ

ಬಡಾವಣೆಯ ಹೋಟೆಲ್ ಒಬ್ಬಿಬ್ಬರು ಅಡುಗೆಯವರ ಕೈಯಲ್ಲಿ ನಿಂತಿರುತ್ತದೆ. ಅವರು ಬಿಟ್ಟು ಹೋದ ವಾರವೇ ರುಚಿ ಬದಲಾಗುತ್ತದೆ. ಬೋರ್ಡ್ ಅದೇ, ಮೆನು ಅದೇ, ಸಾರು ಮಾತ್ರ ಬೇರೆ. 'ಅಡುಗೆಯವರು ಬದಲಾದ್ರಾ?' ಎಂದು ಗಲ್ಲಾದಲ್ಲಿ ಸೀದಾ ಕೇಳಿ. ಹೌದು ಎಂದರೆ ಹೊಸಬರಿಗೆ ಕೈ ಕೂರಲು ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಹೋಗಿ ನೋಡಿ. ಆಗಲೂ ಸರಿಹೋಗದಿದ್ದರೆ ಮುಂದಿನ ರಸ್ತೆಯ ಹೋಟೆಲ್‌ಗೆ ಹೋಗಿ, ಹಂತ ಎರಡರಿಂದ ಶುರು ಮಾಡಿ.